ಮೊದಲ ಪಾಠಕ್ಕೆ ಮುನ್ನ ಒಂದು ಮಾತು

ವಿದ್ಯೆಯು ಮನೆಯ ಬಾಗಿಲಿಗೇ ಬಂದಿದೆ ಎಂಬ ಮಾತನ್ನು ಇತ್ತೀಚಿನ ವರ್ಷಗಳಲ್ಲಿ ನಾವೆಲ್ಲರೂ ಮತ್ತೆ ಮತ್ತೆ ಕೇಳುತ್ತಿದ್ದೇವೆ. ಮಾತು ಸುಳ್ಳಲ್ಲ. ಶನಿವಾರಸಂತೆಯ ಆಚೆಗಿನ ಹಳ್ಳಿಯ ಗೃಹಿಣಿ, ಪೊನ್ನಂಪೇಟೆಯ ಕಡೆಯ ಕಾಫಿ ತೋಟದಲ್ಲಿ ರೈಟರ್ ಆಗಿ ದುಡಿಯುವ ಯುವಕ, ಮಡಿಕೇರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ, ಇವರೆಲ್ಲರೂ ಇಂದು ಊರು ಬಿಡದೆ, ಉದ್ಯೋಗ ಬಿಡದೆ, ಕೈಯಲ್ಲಿರುವ ಮೊಬೈಲಿನ ಮೂಲಕವೇ ಪದವಿ ತರಗತಿಗೆ ಸೇರಬಲ್ಲರು. ಮೈಸೂರು ವಿಶ್ವವಿದ್ಯಾನಿಲಯವೂ ಸೇರಿದಂತೆ ದೇಶದ ಅನೇಕ ವಿಶ್ವವಿದ್ಯಾನಿಲಯಗಳು ಆನ್‌ಲೈನ್ ಪದವಿಗಳನ್ನು ನೀಡುತ್ತಿವೆ. ಆದರೆ ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವುದು ನಮ್ಮ ನಾಡಿನ ಮನೆಗಳ ಮರ್ಯಾದೆ. ಇಲ್ಲಿ ಬಾಗಿಲಲ್ಲಿ ನಿಂತಿರುವವನು ವಿದ್ಯಾರ್ಥಿ. "ಬನ್ನಿ, ಒಳಗೆ ಬನ್ನಿ" ಎನ್ನುವವರು ಯಾರು? ಈ ಲೇಖನದ ಪ್ರಶ್ನೆ ಇಷ್ಟೇ.

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಪರಿಣಾಮ ಚಿಕ್ಕದಲ್ಲ. ಶುಲ್ಕ ಕಟ್ಟಿ, ಪುಸ್ತಕ ತರಿಸಿಕೊಂಡು, ಒಂದೆರಡು ವಾರದಲ್ಲಿಯೇ ಓದನ್ನು ಕೈಬಿಟ್ಟವರು ನಮ್ಮ ಬಂಧುಬಳಗದಲ್ಲಿಯೇ ಇದ್ದಾರು. ಅವರಲ್ಲಿ ಬಹುಮಂದಿ ಬುದ್ಧಿಯ ಕೊರತೆಯಿಂದ ಬಿಟ್ಟವರಲ್ಲ. ಆರಂಭದಲ್ಲಿ ಕೈಹಿಡಿದು ದಾರಿ ತೋರುವವರಿಲ್ಲದೆ, ಎಡವಿದ್ದನ್ನು ಯಾರಿಗೂ ಹೇಳಿಕೊಳ್ಳಲಾರದೆ ಮೌನವಾಗಿ ಹಿಂದಕ್ಕೆ ಸರಿದವರು. ಹಾಗೆ ಸರಿದವರು ಮತ್ತೊಮ್ಮೆ ಪುಸ್ತಕ ಮುಟ್ಟುವುದು ಅಪರೂಪ. "ನನಗೆ ಓದು ಒಲಿಯಲಿಲ್ಲ" ಎಂಬ ಒಂದು ವಾಕ್ಯವನ್ನು ಜೀವಮಾನವಿಡೀ ಹೊತ್ತು ತಿರುಗುತ್ತಾರೆ.

ಅಂದಿನ ಹೊಸ್ತಿಲು

ಹಿಂದಿನ ತಲೆಮಾರಿನ ವಿದ್ಯಾರ್ಥಿಯನ್ನು ನೆನೆಯೋಣ. ತಗಡಿನ ಪೆಟ್ಟಿಗೆಯನ್ನೂ ಹಾಸಿಗೆಯ ಸುರುಳಿಯನ್ನೂ ಹೊತ್ತು ಆತ ಮೈಸೂರಿಗೋ ತುಮಕೂರಿಗೋ ಬೆಳಗಾವಿಗೋ ಹೋಗಿ ಇಳಿಯುತ್ತಿದ್ದ. ಕಾಲೇಜು ಆರಂಭವಾಗಲು ಇನ್ನೂ ಕೆಲವು ದಿನಗಳಿರುತ್ತಿದ್ದುವು. ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಆತನಿಗೆ ಮೊದಲು ಎದುರಾಗುತ್ತಿದ್ದುದು ಪಾಠವಲ್ಲ, "ಊಟವಾಯಿತೆ?" ಎಂಬ ಪ್ರಶ್ನೆ. ಆಮೇಲೆ ಮಲಗಲು ಸ್ಥಳ, ಸ್ನಾನದ ವೇಳೆ, ಪ್ರಾರ್ಥನೆಯ ಗಂಟೆ. ಹಿರಿಯ ವಿದ್ಯಾರ್ಥಿಯೊಬ್ಬ ಜೊತೆಗೆ ಹೋಗಿ ಕಾಲೇಜಿನ ಕಚೇರಿ ತೋರಿಸುತ್ತಿದ್ದ, ಯಾವ ಮೇಷ್ಟ್ರ ಸ್ವಭಾವ ಹೇಗೆಂದು ಹೇಳುತ್ತಿದ್ದ, ಹಳೆಯ ಪುಸ್ತಕ ಎಲ್ಲಿ ಅಗ್ಗಕ್ಕೆ ದೊರಕುತ್ತದೆಂದು ತಿಳಿಸುತ್ತಿದ್ದ. ಮೊದಲ ದಿನದ ತರಗತಿಗೆ ಹೋಗಿ ಕುಳಿತುಕೊಳ್ಳುವ ಹೊತ್ತಿಗೆ ಆ ಹುಡುಗ ಅರ್ಧ ವಿದ್ಯಾರ್ಥಿಯಾಗಿ ಬಿಟ್ಟಿರುತ್ತಿದ್ದ.

ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಹಿರಿಯರನ್ನು ನಮ್ಮ ಸಮಾಜ "ಸಪ್ತರ್ಷಿಗಳು" ಎಂದು ಗೌರವದಿಂದ ಸ್ಮರಿಸುತ್ತದೆ. ಶಾಲೆ ಕಟ್ಟಿದರೆ ಸಾಲದು, ಶಾಲೆಗೆ ಬರುವ ಹಳ್ಳಿಯ ಮಗುವಿಗೆ ನೆಲೆಯನ್ನೂ ಕಟ್ಟಬೇಕೆಂಬುದು ಆ ಕಾಲದ ನಮ್ಮ ಹಿರಿಯರು ಕಂಡುಕೊಂಡ ಸತ್ಯ. ಅನ್ನದಾಸೋಹವೂ ಜ್ಞಾನದಾಸೋಹವೂ ಜೊತೆಜೊತೆಯಾಗಿ ನಡೆದುದು ಆ ಕಾರಣದಿಂದಲೇ.

ಆನ್‌ಲೈನ್ ವಿದ್ಯಾರ್ಥಿಗೆ ಈ ಹೊಸ್ತಿಲಿಲ್ಲ. ಆತ ತನ್ನ ಮನೆಯಲ್ಲಿಯೇ ಇದ್ದಾನೆ. ಆದುದರಿಂದ ಆತನಿಗೆ ಏನೂ ಬೇಕಾಗಿಲ್ಲವೆಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ಆತನಷ್ಟು ಒಂಟಿಯಾದ ವಿದ್ಯಾರ್ಥಿ ಹಿಂದೆಂದೂ ಇರಲಿಲ್ಲ. ಆತನಿಗೆ ಸಹಪಾಠಿಯ ಮುಖ ಗೊತ್ತಿಲ್ಲ, ಗುರುವಿನ ಧ್ವನಿ ಗೊತ್ತಿಲ್ಲ, ತನಗೆ ತಿಳಿಯದಿರುವುದು ತನಗೊಬ್ಬನಿಗೇ ತಿಳಿದಿಲ್ಲವೋ ಎಲ್ಲರಿಗೂ ತಿಳಿದಿಲ್ಲವೋ ಎಂಬುದೂ ಗೊತ್ತಿಲ್ಲ.

ಅಂಚೆಯಿಂದ ಅಂತರಜಾಲದವರೆಗೆ

ದೂರದಲ್ಲಿರುವ ಶಿಷ್ಯನಿಗೆ ಪಾಠ ಹೇಳುವ ಪ್ರಯತ್ನ ಹೊಸದೇನಲ್ಲ. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1840ರಲ್ಲಿಯೇ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದರು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದೇ ಹಾದಿ ಹಿಡಿಯಿತು. ಅದೇ 1969ರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪನೆಯಾಯಿತೆಂಬುದು ಗಮನಿಸತಕ್ಕ ಸಂಗತಿ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರಲ್ಲಿ ಹುಟ್ಟಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕೇಂದ್ರ ಸರ್ಕಾರದ "ಸ್ವಯಂ" ಎಂಬ ಆನ್‌ಲೈನ್ ಪಾಠವೇದಿಕೆ 2017ರಲ್ಲಿ ಬಂದಿತು.

ಅಂಚೆಯ ಕಾಲದಲ್ಲಿ ಪಾಠದ ಕಟ್ಟು ಮನೆಗೆ ಬರುತ್ತಿತ್ತು. ಅಂಚೆಯಣ್ಣ ಕೂಗುತ್ತಿದ್ದ, ಮನೆಯವರೆಲ್ಲ ನೋಡುತ್ತಿದ್ದರು. ವರ್ಷಕ್ಕೊಮ್ಮೆ ಸಂಪರ್ಕ ತರಗತಿಗಳಿಗೆ ಹೋದಾಗ ಗುರುಗಳ ಮುಖದರ್ಶನವಾಗುತ್ತಿತ್ತು. ಇಂದು ಪಾಠವು ಕ್ಷಣಾರ್ಧದಲ್ಲಿ ಬರುತ್ತದೆ. ಆದರೆ ಬಂದುದು ಯಾರಿಗೂ ಕಾಣುವುದಿಲ್ಲ, ಓದದೆ ಬಿಟ್ಟುದೂ ಯಾರಿಗೂ ಕಾಣುವುದಿಲ್ಲ. ವೇಗ ಹೆಚ್ಚಿತು, ಸಂಬಂಧ ತೆಳುವಾಯಿತು.

ಈ ಕೊರತೆಯನ್ನು ದೂರಶಿಕ್ಷಣದ ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದರು. ಸ್ವೀಡನ್ನಿನ ವಿದ್ವಾಂಸ ಬೋರ್ಯೆ ಹೋಲ್ಮ್‌ಬರ್ಗ್ ಅವರು ದೂರಶಿಕ್ಷಣದ ಪಾಠವು ಭಾಷಣದಂತಿರದೆ ಆತ್ಮೀಯ ಸಂಭಾಷಣೆಯಂತಿರಬೇಕು, ಸಂಸ್ಥೆಗೂ ಶಿಷ್ಯನಿಗೂ ನಡುವೆ ಸ್ನೇಹಭಾವ ಮೂಡಿದರೆ ಮಾತ್ರ ಕಲಿಕೆ ನಿಲ್ಲುತ್ತದೆ ಎಂದು ಪ್ರತಿಪಾದಿಸಿದರು. ಅಮೆರಿಕದ ಮೈಕೆಲ್ ಮೂರ್ ಅವರು ದೂರವೆಂಬುದು ಕೇವಲ ಮೈಲುಗಳ ಲೆಕ್ಕವಲ್ಲ, ಮನಸ್ಸುಗಳ ನಡುವಿನ ಅಂತರವೇ ನಿಜವಾದ ದೂರ ಎಂದರು.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಆರ್ಮಂಡ್ ಸಿಂಪ್ಸನ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಒಂದು ಸರಳ ಪರೀಕ್ಷೆ ನಡೆಸಿದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಲ್ಲಿ ಒಂದು ಗುಂಪಿಗೆ ಪಾಠ ಆರಂಭವಾಗುವ ಮೊದಲೇ ದೂರವಾಣಿ ಕರೆ ಮಾಡಿ ಹತ್ತು ನಿಮಿಷದಷ್ಟು ಮಾತನಾಡಿದರು. ಇನ್ನೊಂದು ಗುಂಪಿಗೆ ಮಾಡಲಿಲ್ಲ. ಕರೆ ಪಡೆದ ಗುಂಪಿನಲ್ಲಿ ಓದನ್ನು ಉಳಿಸಿಕೊಂಡವರ ಪ್ರಮಾಣ ನೂರಕ್ಕೆ ಸುಮಾರು ನಾಲ್ಕೈದರಷ್ಟು ಹೆಚ್ಚಿತ್ತು. ನಾಲ್ಕೈದು ಎಂದರೆ ಅಲ್ಪವೆಂದು ತೋರಬಹುದು. ಸಾವಿರ ವಿದ್ಯಾರ್ಥಿಗಳಲ್ಲಿ ಅದು ನಾಲ್ವತ್ತು ಐವತ್ತು ಮನೆಗಳ ಮಾತು. ಅದಕ್ಕೆ ತಗುಲಿದ ವೆಚ್ಚ ಒಂದೊಂದು ಕರೆ ಮಾತ್ರ.

ಕರೆ ನಿಲ್ಲುವ ದಿನ

ನಮ್ಮಲ್ಲಿಯೂ ಕರೆಗಳು ಬರುತ್ತವೆ, ಬಾರದೆ ಇಲ್ಲ. ಯಾವುದೋ ಜಾಹೀರಾತನ್ನು ಒಮ್ಮೆ ಮುಟ್ಟಿದರೆ ಸಾಕು, ಮರುದಿನದಿಂದ ದಿನಕ್ಕೆರಡು ಬಾರಿ ಮೊಬೈಲು ಮೊಳಗುತ್ತದೆ. ಮಾತು ಮಧುರವಾಗಿರುತ್ತದೆ, ರಿಯಾಯಿತಿಯ ಆಮಿಷವಿರುತ್ತದೆ, ಇಂದೇ ಕಟ್ಟಬೇಕೆಂಬ ಅವಸರವಿರುತ್ತದೆ. ಶುಲ್ಕ ಪಾವತಿಯಾದ ದಿನವೇ ಆ ಧ್ವನಿ ಅಡಗುತ್ತದೆ. ನಿಜವಾದ ಕರೆ ಬೇಕಾಗಿರುವುದು ಆ ದಿನದಿಂದ ಮುಂದೆ.

ಪ್ರವೇಶಕ್ಕೂ ಮೊದಲ ಪಾಠಕ್ಕೂ ನಡುವೆ ಕೆಲವು ವಾರಗಳ ಅಂತರವಿರುತ್ತದೆ. ಈ ದಿನಗಳಲ್ಲಿ ವಿದ್ಯಾರ್ಥಿಯ ಉತ್ಸಾಹ ಏರಿರುತ್ತದೆ, ಭಯವೂ ಏರಿರುತ್ತದೆ. ಕೈಯಲ್ಲಿ ಒಂದು ನೋಂದಣಿ ಸಂಖ್ಯೆ, ಒಂದು ಪಾಸ್‌ವರ್ಡ್, ಇಂಗ್ಲಿಷಿನಲ್ಲಿರುವ ಹತ್ತಾರು ಸೂಚನೆಗಳು. ಲಾಗಿನ್ ಆಗದಿದ್ದರೆ ಯಾರನ್ನು ಕೇಳಬೇಕು? ಪರೀಕ್ಷಾ ಕೇಂದ್ರ ಎಲ್ಲಿ? ಹತ್ತು ವರ್ಷ ಪುಸ್ತಕ ಮುಟ್ಟದವಳು ಈಗ ಬರೆಯಬಲ್ಲಳೇ? ಇಂತಹ ಪ್ರಶ್ನೆಗಳನ್ನು ಯಂತ್ರ ಕಳುಹಿಸುವ ಸಂದೇಶಕ್ಕೆ ಕೇಳಲಾಗುವುದಿಲ್ಲ. ಕೇಳಲು ಸಂಕೋಚ, ಕೇಳದಿರಲು ಆತಂಕ. ಅಮೆರಿಕದಂತಹ ದೇಶದಲ್ಲಿಯೂ ಕಾಲೇಜಿಗೆ ಆಯ್ಕೆಯಾದ ವಿದ್ಯಾರ್ಥಿಗಳಲ್ಲಿ ಗಣನೀಯ ಭಾಗ ತರಗತಿ ಆರಂಭವಾಗುವ ಮುನ್ನಿನ ಬೇಸಗೆಯಲ್ಲಿಯೇ ಕರಗಿಹೋಗುತ್ತಾರೆಂದು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ಹಾಗೆ ಕರಗುವವರಲ್ಲಿ ಬಡ ಮನೆಗಳ ಮಕ್ಕಳೇ, ಕಾಲೇಜು ಕಂಡ ಹಿರಿಯರಿಲ್ಲದ ಮನೆಗಳ ಮಕ್ಕಳೇ ಹೆಚ್ಚು.

ಕೊಡಗಿನ ಮಳೆ, ಕೊಡಗಿನ ಕೊಯ್ಲು

ಈ ಸಮಸ್ಯೆ ಎಲ್ಲ ಕಡೆಯೂ ಇದೆಯಾದರೂ ಕೊಡಗಿನಲ್ಲಿ ಅದಕ್ಕೆ ತನ್ನದೇ ಆದ ಸ್ವರೂಪವಿದೆ. 4,102 ಚದರ ಕಿಲೋಮೀಟರುಗಳ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ವಾಸಿಸುವವರು 5,54,519 ಮಂದಿ. ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319. ಮನೆಗಳು ಬೆಟ್ಟದ ಓರೆಗಳಲ್ಲಿ, ತೋಟಗಳ ನಡುವೆ ಚದುರಿವೆ. ಒಂದು ಮೊಬೈಲ್ ಗೋಪುರ ಬಯಲುಸೀಮೆಯಲ್ಲಿ ಹಲವು ಹಳ್ಳಿಗಳನ್ನು ತಲಪುತ್ತದೆ. ಇಲ್ಲಿ ಒಂದು ಗುಡ್ಡದ ಮರೆಯಲ್ಲಿಯೇ ಸೋಲುತ್ತದೆ.

ಮುಕ್ತ ಮತ್ತು ಆನ್‌ಲೈನ್ ಶಿಕ್ಷಣದ ಪ್ರವೇಶಗಳು ವರ್ಷದಲ್ಲಿ ಎರಡು ಬಾರಿ, ಜುಲೈ ಮತ್ತು ಜನವರಿಯ ಆಸುಪಾಸಿನಲ್ಲಿ ನಡೆಯುತ್ತವೆ. ಜುಲೈ ಎಂದರೆ ಕೊಡಗಿನಲ್ಲಿ ಮುಂಗಾರಿನ ನಡುಕಾಲ. ಮರ ಬಿದ್ದು ವಿದ್ಯುತ್ ತಂತಿ ಹರಿಯುವುದು, ವಿದ್ಯುತ್ತಿಲ್ಲದೆ ಗೋಪುರ ಮೂಕವಾಗುವುದು, ಮೊಬೈಲು ಬರಿದಾಗುವುದು ಆಗ ದಿನನಿತ್ಯದ ಸಂಗತಿ. 2018ರ ಆಗಸ್ಟ್ ತಿಂಗಳ ಭೂಕುಸಿತದ ಭೀಕರತೆಯನ್ನು, 2019 ಮತ್ತು 2020ರ ಮಳೆಗಾಲಗಳ ಸಾವುನೋವುಗಳನ್ನು ಈ ಜಿಲ್ಲೆ ಇನ್ನೂ ಮರೆತಿಲ್ಲ. ಜನವರಿ ಎಂದರೆ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಿರುವಂತೆ ರೋಬಸ್ಟಾ ಹಣ್ಣಾಗುತ್ತದೆ. ಮನೆಯ ಒಂದು ಜೊತೆ ಕೈಯೂ ಬಿಡುವಾಗಿರುವುದಿಲ್ಲ. ಅಂದರೆ ಎರಡು ಅವಧಿಗಳಲ್ಲಿ ಯಾವುದರಲ್ಲಿ ಸೇರಿದರೂ ಕೊಡಗಿನ ವಿದ್ಯಾರ್ಥಿಯ ಮೊದಲ ತಿಂಗಳೇ ಅತ್ಯಂತ ಕಷ್ಟದ ತಿಂಗಳು. ದೂರದ ನಗರದಲ್ಲಿ ಕುಳಿತ ಅಧ್ಯಾಪಕರಿಗೆ ಇದು ತಾನಾಗಿ ತಿಳಿಯುವುದು ಹೇಗೆ? ಎರಡು ವಾರ ಪಾಠ ತೆರೆಯದ ವಿದ್ಯಾರ್ಥಿ ಅವರ ಲೆಕ್ಕದಲ್ಲಿ ಸೋಮಾರಿ. ಇಲ್ಲಿ ಆತ ಮೇಣದ ಬತ್ತಿಯ ಬೆಳಕಿನಲ್ಲಿ ವಿದ್ಯುತ್ ಬರುವುದನ್ನು ಕಾಯುತ್ತಿರುತ್ತಾನೆ. ಪಾಠಕ್ಕೆ ಮುನ್ನ ಐದು ನಿಮಿಷ ಮಾತನಾಡಿದ್ದರೆ ಈ ಅಪಾರ್ಥಕ್ಕೆ ಎಡೆಯೇ ಇರುತ್ತಿರಲಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ, ಹೀಗೆ ಮನೆಯಿಂದ ಮನೆಗೆ ಮಾತು ಬದಲಾಗುವ ಜಿಲ್ಲೆಯಿದು. ಪಠ್ಯವೋ ಬಹುಪಾಲು ಇಂಗ್ಲಿಷು. ಮೊದಲ ಮಾತಾದರೂ ಶಿಷ್ಯನಿಗೆ ಆಪ್ತವಾದ ಭಾಷೆಯಲ್ಲಿದ್ದರೆ ಇಂಗ್ಲಿಷಿನ ಭಯ ಅರ್ಧ ಇಳಿಯುತ್ತದೆ.

ಮರದ ಮೇಲಿನ ಪಾಠ

ಗುರುವೇ ಶಿಷ್ಯನನ್ನು ಹುಡುಕಿಕೊಂಡು ಹೋಗಬೇಕೆಂಬ ಮಾತಿಗೆ ಕೊಡಗಿನಲ್ಲಿಯೇ ಒಂದು ನಿದರ್ಶನವಿದೆ. ಕೊರೊನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದ್ದ 2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ ಸಿ. ಎಸ್. ಸತೀಶ್ ಅವರು ಮನೆಯಲ್ಲಿ ಮೊಬೈಲ್ ಸಂಕೇತ ದೊರೆಯದುದರಿಂದ ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅಲ್ಲಿ ಕುಳಿತು ಮಕ್ಕಳಿಗೆ ಪಾಠ ಹೇಳಿದರು. ಆ ಸುದ್ದಿ ನಾಡಿನಾಚೆಗೂ ಹಬ್ಬಿತು. ಜನರು ಅಟ್ಟಣಿಗೆಯನ್ನು ನೋಡಿ ಬೆರಗಾದರು. ಆದರೆ ಅದರ ಹಿಂದಿದ್ದ ವಿವೇಕ ಅದಕ್ಕಿಂತ ದೊಡ್ಡದು. ಮಕ್ಕಳು ಎಲ್ಲಿದ್ದಾರೆ, ಅವರನ್ನು ಯಾವ ದಾರಿಯಿಂದ ತಲಪಬಹುದು ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಪಾಠಕ್ಕೆ ತೊಡಗಿದುದೇ ಅಲ್ಲಿನ ವಿಶೇಷ. ಪ್ರಾಥಮಿಕ ಶಾಲೆಯ ಮಗುವಿಗೆ ಸಂದ ಈ ಕಾಳಜಿ ಕಾಲೇಜಿನ ವಿದ್ಯಾರ್ಥಿಗೆ ಸಲ್ಲಬಾರದೆಂದೇನಿಲ್ಲ. ವಯಸ್ಸು ಇಪ್ಪತ್ತಾದರೂ ನಾಲ್ವತ್ತಾದರೂ ಹೊಸ ವಿದ್ಯೆಯ ಮುಂದೆ ಎಲ್ಲರೂ ಮೊದಲ ದಿನದ ಮಕ್ಕಳೇ.

ಕರೆಯಲ್ಲಿ ಏನಿರಬೇಕು?

ಪಾಠ ಆರಂಭಕ್ಕೆ ಒಂದೆರಡು ವಾರ ಮೊದಲು ಆ ವಿಷಯವನ್ನು ಕಲಿಸಲಿರುವ ಅಧ್ಯಾಪಕರೇ ಮಾತನಾಡುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಅದೇ ಪದವಿಯನ್ನು ಮುಗಿಸಿದ ಹಿರಿಯ ವಿದ್ಯಾರ್ಥಿಯಾದರೂ ಆದೀತು. ಮಾತಿನಲ್ಲಿ ಉಪದೇಶ ಕಡಮೆಯಿದ್ದು ವಿಚಾರಣೆ ಹೆಚ್ಚಿರಬೇಕು. ಈ ಕೆಳಗಿನ ಸಂಗತಿಗಳು ತಪ್ಪದೆ ಬರಬೇಕು.

ಮೊದಲನೆಯದು, ಹೆಸರು ಹಿಡಿದು ಸ್ವಾಗತ. "ನೀವು ನಮ್ಮ ತರಗತಿಗೆ ಬಂದುದು ಸಂತೋಷ" ಎಂಬ ಒಂದು ವಾಕ್ಯಕ್ಕೆ ಮುದ್ರಿತ ಸುತ್ತೋಲೆಗಿಲ್ಲದ ಶಕ್ತಿಯಿದೆ.

ಎರಡನೆಯದು, ಉದ್ದೇಶ. ಬಡ್ತಿಗಾಗಿಯೋ, ಶಿಕ್ಷಕ ವೃತ್ತಿಗಾಗಿಯೋ, ಅರ್ಧಕ್ಕೆ ನಿಂತ ಆಸೆಯನ್ನು ಪೂರೈಸುವುದಕ್ಕಾಗಿಯೋ? ಉದ್ದೇಶವನ್ನು ತನ್ನ ಬಾಯಿಂದ ತಾನೇ ಹೇಳಿಕೊಂಡವನು ಕಷ್ಟ ಬಂದಾಗ ಅದನ್ನು ನೆನೆಯುತ್ತಾನೆ.

ಮೂರನೆಯದು, ಸೌಕರ್ಯ. ಮೊಬೈಲು ಸ್ವಂತದ್ದೇ, ಮನೆಮಂದಿಯದೇ? ಸಂಕೇತ ಮನೆಯೊಳಗೆ ಸಿಗುವುದೇ, ಗೇಟಿನ ಬಳಿಗೆ ಹೋಗಬೇಕೇ? ಮಳೆಗಾಲದಲ್ಲಿ ಎಷ್ಟು ದಿನ ವಿದ್ಯುತ್ತು ಇರುವುದಿಲ್ಲ? ಕೊಯ್ಲಿನಲ್ಲಿ ಯಾವ ಹೊತ್ತು ಬಿಡುವು? ಇದನ್ನು ತಿಳಿದ ಅಧ್ಯಾಪಕರು ದೃಶ್ಯಪಾಠದ ಜೊತೆಗೆ ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ ಬರಹದ ಪಾಠವನ್ನೂ, ಧ್ವನಿ ಮಾತ್ರವಿರುವ ಪಾಠವನ್ನೂ ಕೊಡಬಲ್ಲರು.

ನಾಲ್ಕನೆಯದು, ಒಂದು ಚಿಕ್ಕ ಕೆಲಸ. ಪಾಠದ ಪುಟವನ್ನು ತೆರೆದು ತನ್ನ ಬಗ್ಗೆ ಮೂರು ಸಾಲು ಬರೆದು ಕಳುಹಿಸುವುದು ಸಾಕು. ಲಾಗಿನ್ನಿನ ತೊಡಕುಗಳು ಪಾಠಕ್ಕೆ ಮೊದಲೇ ಹೊರಬರುತ್ತವೆ, ಮೊದಲ ದಿನದ ಭಯ ಮೊದಲ ದಿನಕ್ಕೆ ಮುನ್ನವೇ ಕಳೆಯುತ್ತದೆ.

ಐದನೆಯದು, ತೊಂದರೆಯಾದರೆ ಯಾರನ್ನು, ಯಾವ ವೇಳೆಯಲ್ಲಿ ಕೇಳಬೇಕೆಂಬ ಸ್ಪಷ್ಟ ಮಾತು. ಜೊತೆಗೆ, ಒಂದು ವಾರ ತಪ್ಪಿದರೆ ಓದು ಮುಗಿದು ಹೋಗುವುದಿಲ್ಲ, ಮತ್ತೆ ಕೂಡಿಕೊಳ್ಳಬಹುದು ಎಂಬ ಅಭಯ.

ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂದು ಅಧ್ಯಾಪಕರು ಕೇಳಬಹುದು. ಲೆಕ್ಕ ಹಾಕೋಣ. ಅರುವತ್ತು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಒಟ್ಟು ಹತ್ತು ಗಂಟೆ. ದಿನಕ್ಕೆ ಎರಡು ಗಂಟೆಯಂತೆ ಐದು ದಿನದ ಕೆಲಸ. ವಿದ್ಯಾರ್ಥಿಗಳ ಸಂಖ್ಯೆ ಸಾವಿರಗಳಲ್ಲಿದ್ದರೆ ಒಬ್ಬರಿಂದ ಆಗದು, ನಿಜ. ಆಗ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುತ್ತಿರುವ ಮನೆಗಳವರನ್ನು, ಬಹುಕಾಲದ ಮೇಲೆ ಓದಿಗೆ ಮರಳಿದವರನ್ನು ಮೊದಲು ಮಾತನಾಡಿಸಬೇಕು. ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿ ಕರ್ತವ್ಯ ಮುಗಿಯಿತೆನ್ನುವುದಕ್ಕಿಂತ ಅಗತ್ಯವುಳ್ಳ ನೂರು ಮಂದಿಯೊಡನೆ ನಿಜವಾಗಿ ಮಾತನಾಡುವುದು ಮೇಲು.

ಶುಲ್ಕಕ್ಕೆ ಮುನ್ನ ವಿಚಾರಣೆ

ಸಂಸ್ಥೆಯು ವಿದ್ಯಾರ್ಥಿಯನ್ನು ವಿಚಾರಿಸಬೇಕಾದಂತೆ ವಿದ್ಯಾರ್ಥಿಯೂ ಸಂಸ್ಥೆಯನ್ನು ವಿಚಾರಿಸಬೇಕು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಕೆಲವು ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮಾನ್ಯತೆ ಇಲ್ಲದೆ, ಅಸಂಖ್ಯ ವಿದ್ಯಾರ್ಥಿಗಳು ತಮ್ಮ ಪದವಿಯ ಬೆಲೆಯೇನೆಂದು ತಿಳಿಯದೆ ಕಂಗೆಟ್ಟಿದ್ದರು. 2018ರಲ್ಲಿ ಮಾನ್ಯತೆ ಮರಳಿ ದೊರೆಯಿತು. ಆ ದಿನಗಳ ನೋವನ್ನು ಕಂಡವರು ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಗೆ, ಆ ಪದವಿಗೆ, ಆ ಅವಧಿಗೆ ಮಾನ್ಯತೆಯಿದೆಯೇ ಎಂದು ಆಯೋಗದ ಪಟ್ಟಿಯಲ್ಲಿ ನೋಡಿಕೊಳ್ಳುವುದನ್ನು ಮರೆಯಲಾರರು.

ಕೆಲವು ನಿಯಮಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಆಯೋಗದ 2020ರ ನಿಯಮಾವಳಿಯಂತೆ ವೈದ್ಯಕೀಯ, ಶುಶ್ರೂಷೆ, ಔಷಧಶಾಸ್ತ್ರ, ಎಂಜಿನಿಯರಿಂಗ್, ಕಾನೂನು, ಕೃಷಿ ಮೊದಲಾದ ಪದವಿಗಳನ್ನು ದೂರಶಿಕ್ಷಣದಿಂದಾಗಲಿ ಆನ್‌ಲೈನ್ ಮೂಲಕವಾಗಲಿ ನೀಡುವಂತಿಲ್ಲ. ಬೇರೆಯವರಿಗೆ ಗುತ್ತಿಗೆ ಕೊಟ್ಟು ಶಾಖೆ ನಡೆಸುವುದಕ್ಕೂ ಅವಕಾಶವಿಲ್ಲ. ಮಾನ್ಯತೆಯುಳ್ಳ ಸಂಸ್ಥೆಯ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. 2024ರ ಸೆಪ್ಟೆಂಬರಿನ ಪ್ರವೇಶದಿಂದ ಪ್ರತಿಯೊಬ್ಬ ದೂರಶಿಕ್ಷಣ ಮತ್ತು ಆನ್‌ಲೈನ್ ವಿದ್ಯಾರ್ಥಿಯೂ ಆಯೋಗದ ದೂರಶಿಕ್ಷಣ ವಿಭಾಗದಲ್ಲಿ "ಡೆಬ್ ಐಡಿ" ಎಂಬ ಗುರುತುಸಂಖ್ಯೆಯನ್ನು ಪಡೆಯಬೇಕಾಗಿದೆ. ಈ ಸಂಖ್ಯೆಯನ್ನು ಪಡೆಯುವ ಕ್ರಮವನ್ನು ವಿವರಿಸಲು ಮುಂಚಿತವಾದ ಒಂದು ಕರೆಗಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಮನೆಯವರ ಪಾಲು

ಬಂಧುಗಳೇ, ಈವರೆಗೆ ಸಂಸ್ಥೆಗಳ ಹೊಣೆಯನ್ನು ಹೇಳಿದ್ದಾಯಿತು. ನಮ್ಮ ಹೊಣೆಯೂ ಇದೆ. ಕಾಲೇಜಿಗೆ ಹೋಗುವ ಮಗನನ್ನು ಬಸ್ ನಿಲ್ದಾಣದವರೆಗೆ ಬೀಳ್ಕೊಡುವ ನಾವು, ಅಡುಗೆಮನೆಯ ಮೂಲೆಯಲ್ಲಿ ಮೊಬೈಲು ಹಿಡಿದು ಪಾಠ ಕೇಳುವ ಸೊಸೆಯನ್ನು ವಿದ್ಯಾರ್ಥಿನಿಯೆಂದು ಗುರುತಿಸುವುದಿಲ್ಲ. "ಸದಾ ಮೊಬೈಲು ನೋಡುತ್ತಾಳೆ" ಎಂಬ ಒಂದು ಮಾತು ಸಾಕು, ಆಕೆ ಮೊಬೈಲನ್ನೂ ಪಾಠವನ್ನೂ ಒಟ್ಟಿಗೆ ಕೆಳಗಿಡಲು.

ಪಾಠ ಆರಂಭವಾಗುವ ಮೊದಲೇ ಮನೆಮಂದಿಯೆಲ್ಲ ಕುಳಿತು ಮಾತನಾಡಲಿ. ದಿನಕ್ಕೆ ಒಂದು ಗಂಟೆ ಯಾವ ಹೊತ್ತಿನಲ್ಲಿ ಆಕೆಯದು? ಆ ಹೊತ್ತಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳುವರು, ರಾತ್ರಿಯ ಅಡುಗೆಗೆ ಯಾರು ಕೈಕೂಡಿಸುವರು? ಪರೀಕ್ಷೆಯ ದಿನ ಮಡಿಕೇರಿಗೋ ಮೈಸೂರಿಗೋ ಜೊತೆಗೆ ಹೋಗುವವರು ಯಾರು? ಇವು ತೀರಾ ಸಾಮಾನ್ಯ ಪ್ರಶ್ನೆಗಳು. ಓದು ನಿಲ್ಲುವುದೂ ಮುಂದುವರಿಯುವುದೂ ಈ ಸಾಮಾನ್ಯ ಪ್ರಶ್ನೆಗಳ ಮೇಲೆಯೇ. ಅತ್ತೆಯವರು "ನಿನ್ನ ಪಾಠದ ಹೊತ್ತಾಯಿತು, ನಾನು ಒಲೆಯ ಮುಂದೆ ಇರುತ್ತೇನೆ" ಎಂದರೆ ಅದಕ್ಕಿಂತ ದೊಡ್ಡ ವಿದ್ಯಾರ್ಥಿವೇತನ ಬೇರೆಯಿಲ್ಲ.

ಸಮಾಜದ ಪಾಲು

ಮನೆಯಿಂದಾಚೆಗೂ ಮಾಡಬಹುದಾದುದು ಇದೆ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಸುತ್ತಮುತ್ತ ನಮ್ಮ ಸಮಾಜದ ಮನೆಗಳು ಹೆಚ್ಚಾಗಿವೆ, ಮಠಗಳಿವೆ. ಊರಿನ ಮಧ್ಯದಲ್ಲಿರುವ ಮಠದ ಅಥವಾ ಸಮುದಾಯ ಭವನದ ಒಂದು ಕೊಠಡಿಯನ್ನು ಸಂಜೆ ಎರಡು ಗಂಟೆ ಆನ್‌ಲೈನ್ ವಿದ್ಯಾರ್ಥಿಗಳಿಗೆ ತೆರೆದಿಡಲು ಹೆಚ್ಚಿನ ವೆಚ್ಚವಿಲ್ಲ. ಒಂದು ಅಂತರಜಾಲ ಸಂಪರ್ಕ, ವಿದ್ಯುತ್ತು ಹೋದಾಗ ಕೈಕೊಡದ ಒಂದು ಬ್ಯಾಟರಿ, ನಾಲ್ಕು ಮೇಜು, ಇಷ್ಟಾದರೆ ಸಾಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ "ಅರಿವು ಕೇಂದ್ರ"ಗಳಾಗಿವೆ. ಅಲ್ಲಿರುವ ಸೌಕರ್ಯಗಳನ್ನು ವಿದ್ಯಾರ್ಥಿಗಳು ವಿಚಾರಿಸಿ ಬಳಸಿಕೊಳ್ಳಬೇಕು. ಮೊಬೈಲು ಮೂಕವಾದ ದಿನವೂ ಆಕಾಶವಾಣಿಯ ಮಡಿಕೇರಿ ಕೇಂದ್ರದ ಧ್ವನಿ ಮನೆಗಳನ್ನು ತಲಪುತ್ತದೆ. ಪ್ರವೇಶದ ತಿಂಗಳಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ಅಲ್ಲೊಂದು ಸಂವಾದ ಪ್ರಸಾರವಾದರೆ ಎಷ್ಟೋ ಮಂದಿಗೆ ಧೈರ್ಯ ಬಂದೀತು.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿಯೇ ಅವರ ಕಷ್ಟ ಅರಿತವರು ಅವರು. ತಮ್ಮ ಊರಿನಲ್ಲಿ ಈ ವರ್ಷ ದೂರಶಿಕ್ಷಣಕ್ಕೋ ಆನ್‌ಲೈನ್ ಪದವಿಗೋ ಸೇರಿದ ನಾಲ್ಕೈದು ಮಂದಿಯ ಹೆಸರು ಬರೆದಿಟ್ಟುಕೊಂಡು, ಪಾಠಕ್ಕೆ ಮುನ್ನ ಒಮ್ಮೆ, ಮೊದಲ ತಿಂಗಳ ಕೊನೆಗೆ ಒಮ್ಮೆ, ಪರೀಕ್ಷೆಗೆ ಮುನ್ನ ಒಮ್ಮೆ ಮಾತನಾಡಿಸಿದರೆ ಅದೇ ಅವರ ನಿವೃತ್ತ ಜೀವನದ ಕಾಯಕವಾದೀತು. ವಿಷಯಜ್ಞಾನ ಅವರಿಗೆ ಇರಲೇಬೇಕೆಂದಿಲ್ಲ. "ಎಲ್ಲಿಗೆ ಬಂತು ಓದು?" ಎಂದು ಕೇಳುವ ಹಿರಿಯರೊಬ್ಬರಿದ್ದಾರೆಂಬ ಅರಿವೇ ಓದುವವನ ಬೆನ್ನಿಗೆ ಆಸರೆ.

ಬೆಳೆಯ ಸಿರಿ ಮೊಳಕೆಯಲ್ಲಿ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಾಫಿ ಸಸಿಯನ್ನು ತೋಟಕ್ಕಿಡುವ ಮೊದಲು ಪಾತಿಯಲ್ಲಿ ನೆರಳು ಕಟ್ಟಿ, ನೀರು ಚಿಮುಕಿಸಿ ಕಾಯುವ ಕೊಡಗಿನ ರೈತನಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಮುಂದಿನ ಪ್ರವೇಶದ ತಿಂಗಳು ಬರುವಾಗ ನಮ್ಮ ಕೇರಿಯಲ್ಲಿ, ನಮ್ಮ ನಂಟರಲ್ಲಿ ಯಾರು ಹೊಸದಾಗಿ ಓದಿಗೆ ಸೇರಿದ್ದಾರೆಂದು ವಿಚಾರಿಸೋಣ. ಅವರ ಮೊದಲ ಪಾಠಕ್ಕೆ ಮುನ್ನ ಅವರನ್ನೊಮ್ಮೆ ಹೆಸರು ಹಿಡಿದು ಮಾತನಾಡಿಸೋಣ.